ಬೇಸಿಗೆಯಲ್ಲಿ ಹಿರಿಯರ ಮನೆಬಾಗಿಲು ಮುಚ್ಚಿಸಬೇಡಿ

ಯುಗಾದಿ ಕಳೆದು ರಾಮನವಮಿಯ ಪಾನಕ, ಕೋಸಂಬರಿ ಮುಗಿಯುವ ಹೊತ್ತಿಗೆ ದಾವಣಗೆರೆಯ ಬಿಸಿಲು ತನ್ನ ನಿಜರೂಪ ತೋರಿಸತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಉಷ್ಣಾಂಶ 38-39 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಹೊಸತೇನಲ್ಲ. ಈ ದಿನಗಳಲ್ಲಿ ನಿಜಲಿಂಗಪ್ಪ ಬಡಾವಣೆಯ ಅನೇಕ ಮನೆಗಳಿಗೆ ರಾತ್ರಿ ಊಟದ ಹೊತ್ತಿಗೆ ಒಂದೇ ಬಗೆಯ ಫೋನ್ ಬರುತ್ತದೆ. ಕೆಲವರಿಗೆ ಬೆಂಗಳೂರಿನಿಂದ, ಕೆಲವರಿಗೆ ಪುಣೆಯಿಂದ, ಇನ್ನು ಕೆಲವರಿಗೆ ಅಮೆರಿಕದಿಂದ. "ಅಪ್ಪಾಜಿ, ಬಿಸಿಲು ಬಹಳ ಇದೆಯಂತೆ. ಹೊರಗೆ ಹೋಗಬೇಡಿ. ಅಮ್ಮನಿಗೂ ಹೇಳಿ. ಬಾಗಿಲು ಹಾಕಿಕೊಂಡು ಫ್ಯಾನ್ ಕೆಳಗೆ ಆರಾಮಾಗಿರಿ."

ಮಕ್ಕಳ ಈ ಮಾತಿನಲ್ಲಿ ಪ್ರೀತಿ ಇದೆ, ಆತಂಕವೂ ಇದೆ. ಆದರೆ ವೈದ್ಯನಾಗಿ ನಾನು ಕಂಡಿರುವಂತೆ ಈ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ಮಧ್ಯಾಹ್ನದ ಬಿಸಿಲಿನಿಂದ ಹಿರಿಯರನ್ನು ತಪ್ಪಿಸಬೇಕೆಂಬುದು ನಿಜ. ಆದರೆ ಬಿಸಿಲಿನ ನೆಪದಲ್ಲಿ ಅವರ ದಿನಚರಿಯನ್ನೇ ನಿಲ್ಲಿಸಿಬಿಟ್ಟರೆ ಒಂದು ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಮನೆಯೊಳಗೆ ಕರೆದಂತಾಗುತ್ತದೆ.

ಬಿಸಿಲಿಗೆ ಹೋಗದೆಯೂ ಕುಸಿದ ಮೇಷ್ಟ್ರು

ಕಳೆದ ವರ್ಷದ ಏಪ್ರಿಲ್‌ನಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಹೆಸರು ಬೇಡ. ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು, ವಯಸ್ಸು 72. ಅವರ ಪತ್ನಿಗೆ 67. ಮಕ್ಕಳಿಬ್ಬರೂ ಹೊರಗಿದ್ದಾರೆ. ವರ್ಷದ ಉಳಿದ ದಿನಗಳಲ್ಲಿ ಈ ದಂಪತಿಯ ದಿನಚರಿ ಗಡಿಯಾರದಂತೆ ಸಾಗುತ್ತದೆ. ಬೆಳಿಗ್ಗೆ ಐದೂವರೆಗೆ ಮೇಷ್ಟ್ರು ನಾಲ್ವರು ಗೆಳೆಯರೊಂದಿಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಬರುವಾಗ ಸೊಪ್ಪು, ತರಕಾರಿ ತರುತ್ತಾರೆ. ಅಮ್ಮನವರು ರಂಗೋಲಿ ಹಾಕಿ, ಹೂವಿನವಳ ಬಳಿ ಮೊಳ ಹೂ ಕೊಳ್ಳುತ್ತಾ ಎದುರುಮನೆಯವರೊಂದಿಗೆ ಹತ್ತು ನಿಮಿಷ ಮಾತಾಡುತ್ತಾರೆ. ತಿಂಡಿ, ಪತ್ರಿಕೆ, ತಿಂಗಳಿಗೊಮ್ಮೆ ಪಿಂಚಣಿಗೆ ಬ್ಯಾಂಕು, ಸಂಜೆ ಉದ್ಯಾನದ ಕಲ್ಲುಬೆಂಚು. ಎಂದಾದರೊಮ್ಮೆ ಬೆಣ್ಣೆದೋಸೆ.

ಮಕ್ಕಳ ಫೋನ್ ಬಂದ ಮೇಲೆ ಇದೆಲ್ಲ ನಿಂತಿತು. ಕೆರೆಗೆ ಹೋಗುವುದು ಬಿಟ್ಟರು. ಬಿಸಿಗಾಳಿ ಬರಬಾರದೆಂದು ಕಿಟಕಿ ಹಾಕಿದರು. ಓಡಾಟವಿಲ್ಲದ್ದರಿಂದ ಹಸಿವು ತಗ್ಗಿತು, ಊಟ ಅರ್ಧವಾಯಿತು. ರಾತ್ರಿ ಮೂತ್ರಕ್ಕೆ ಪದೇಪದೇ ಏಳಬೇಕಾಗುತ್ತದೆಂದು ಮೇಷ್ಟ್ರು ಸಂಜೆ ನಾಲ್ಕರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಬಿ.ಪಿ.ಗೆಂದು ಉಪ್ಪನ್ನೂ ಪೂರ್ತಿ ಬಿಟ್ಟಿದ್ದರು. ಆದರೆ ಮೂತ್ರ ಹೆಚ್ಚಿಸುವ ಅಂಶವಿದ್ದ ಬಿ.ಪಿ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹತ್ತು ದಿನ ಹೀಗೆ ಕಳೆದ ಮೇಲೆ ಒಂದು ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಬಿದ್ದರು. ಪತ್ನಿಗೆ ಅವರನ್ನು ಎತ್ತಲು ಶಕ್ತಿ ಸಾಲಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದರು. ಕಿಟಕಿಗಳೆಲ್ಲ ಹಾಕಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಏಳೂವರೆಯಾದರೂ ಹಾಲಿನ ಪ್ಯಾಕೆಟ್ಟು ಗೇಟಿನಲ್ಲೇ ನೇತಾಡುತ್ತಿದ್ದುದನ್ನು ಎದುರುಮನೆಯಾಕೆ ಗಮನಿಸಿ ಬಂದು ಬಾಗಿಲು ಬಡಿದಾಗಲೇ ವಿಷಯ ಗೊತ್ತಾದದ್ದು.

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಪರೀಕ್ಷೆಯಲ್ಲಿ ರಕ್ತದ ಸೋಡಿಯಂ ಅಂಶ ಬಹಳ ಇಳಿದಿದ್ದು, ಎದ್ದುನಿಂತ ಕೂಡಲೇ ರಕ್ತದೊತ್ತಡ ಕುಸಿಯುತ್ತಿದ್ದುದು ಕಂಡುಬಂತು. ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅವರು ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: "ಡಾಕ್ಟ್ರೇ, ನಾನು ಬಿಸಿಲಿಗೆ ಕಾಲೇ ಇಟ್ಟಿಲ್ಲವಲ್ಲ, ನನಗ್ಯಾಕೆ ಹೀಗಾಯ್ತು?"

ವಯಸ್ಸಾದ ದೇಹದ ಲೆಕ್ಕ ಬೇರೆ

ಇದಕ್ಕೆ ಉತ್ತರ ವಯಸ್ಸಾದ ದೇಹದಲ್ಲೇ ಇದೆ. ಯುವಕನ ದೇಹತೂಕದಲ್ಲಿ ಸುಮಾರು ಶೇ. 60ರಷ್ಟು ನೀರಿದ್ದರೆ ವೃದ್ಧರಲ್ಲಿ ಅದು ಶೇ. 50ರ ಆಸುಪಾಸಿಗೆ ಇಳಿಯುತ್ತದೆ. ಕೊಡವೇ ಚಿಕ್ಕದಾದ ಮೇಲೆ ಸ್ವಲ್ಪ ಸೋರಿದರೂ ಬೇಗ ಖಾಲಿಯಾಗುತ್ತದಷ್ಟೆ. ಬೆವರುವ ಶಕ್ತಿ ತಗ್ಗುತ್ತದೆ, ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವೂ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬಾಯಾರಿಕೆಯೇ ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಮನಸ್ಸಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ "ಬಾಯಾರಿಕೆಯಾದಾಗ ಕುಡಿಯುತ್ತೇನೆ" ಎಂಬ ಹಿರಿಯರ ಮಾತನ್ನು ನಂಬಬೇಡಿ.

ಇದರ ಜೊತೆಗೆ ನಮ್ಮ ಆರ್‌ಸಿಸಿ ಮನೆಗಳ ಗುಣವೊಂದಿದೆ. ಹಗಲೆಲ್ಲ ಕಾದ ತಾರಸಿ ಸಂಜೆಯಿಂದ ಮಧ್ಯರಾತ್ರಿಯವರೆಗೂ ಒಳಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ರಾತ್ರಿಯೂ ಕಿಟಕಿ ಹಾಕಿದ ಕೋಣೆ ತಣಿಯುವುದಾದರೂ ಹೇಗೆ? ಬಿಸಿಲಿಗೆ ಹೋಗದ ಮನುಷ್ಯನೂ ಬೇಗೆಯೊಳಗೇ ಇರುತ್ತಾನೆ.

ಹೊರದೇಶಗಳು ಕಲಿಸಿದ ಪಾಠ

ಬಿಸಿಲು ನಮ್ಮಂಥ ಊರುಗಳ ಪಾಡು, ತಂಪು ದೇಶದವರಿಗೆ ಇದರ ಚಿಂತೆಯಿಲ್ಲ ಎಂದು ತಿಳಿಯುವ ಕಾಲ ಹೋಯಿತು. ನಿವೃತ್ತರು ಹೂದೋಟ ನೋಡಿಕೊಂಡು ನೆಮ್ಮದಿಯಿಂದ ಬೇಸಿಗೆ ಕಳೆಯುವ ಹಳ್ಳಿಗಳಿಗೆ ಇಂಗ್ಲೆಂಡ್ ಹೆಸರಾದದ್ದು. 2022ರ ಜುಲೈ 19ರಂದು ಅಲ್ಲಿನ ಲಿಂಕನ್‌ಶೈರ್ ಪ್ರಾಂತ್ಯದ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಉಷ್ಣಾಂಶ ದಾಖಲಾಯಿತು. ಚಳಿಗಾಲದಲ್ಲಿ ಶಾಖ ಹಿಡಿದಿಡಲೆಂದು ಕಟ್ಟಿದ ಅಲ್ಲಿನ ಮನೆಗಳು ಆ ದಿನಗಳಲ್ಲಿ ವೃದ್ಧರಿಗೆ ಮುಳುವಾದವು. ಆ ಬೇಸಿಗೆಯ ಬಿಸಿ ಅವಧಿಗಳಲ್ಲಿ ಇಂಗ್ಲೆಂಡಿನಲ್ಲಿ 65 ದಾಟಿದವರ ಹೆಚ್ಚುವರಿ ಸಾವುಗಳು ಸುಮಾರು 2,800 ಎಂದು ಅಲ್ಲಿನ ಸರ್ಕಾರಿ ಸಂಸ್ಥೆಗಳು ಅಂದಾಜಿಸಿದವು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000 ಮಂದಿ ಹೀಗೆ ಸತ್ತರು. ಹೆಚ್ಚಿನವರು ವೃದ್ಧರು. ಅದು ದೇಶಕ್ಕೆ ದೇಶವೇ ರಜೆಯ ಮೇಲೆ ಹೊರಡುವ ತಿಂಗಳು.

ಎಲ್ಲಕ್ಕಿಂತ ದೊಡ್ಡ ಪಾಠ ಅಮೆರಿಕದ ಶಿಕಾಗೋದ್ದು. 1995ರ ಜುಲೈನಲ್ಲಿ ಅಲ್ಲಿ ಕೆಲವೇ ದಿನಗಳ ಬಿಸಿಗೆ 700ಕ್ಕೂ ಹೆಚ್ಚು ಮಂದಿ ಸತ್ತರು. ಒಂಟಿಯಾಗಿ, ಬಾಗಿಲು ಕಿಟಕಿ ಭದ್ರಪಡಿಸಿಕೊಂಡು ಬದುಕುತ್ತಿದ್ದ ವೃದ್ಧರೇ ಅವರಲ್ಲಿ ಬಹಳ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅವರು 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದ್ದಾರೆ. ಎರಡಕ್ಕೂ ಬಿಸಿಲು ಒಂದೇ. ಆದರೆ ಅಂಗಡಿ ಮುಂಗಟ್ಟು, ಜನಸಂಚಾರ ಇದ್ದ ಬಡಾವಣೆಯಲ್ಲಿ ಸಾವು ತೀರಾ ಕಡಿಮೆ. ಬೀದಿ ಬಿಕೋ ಎನ್ನುತ್ತಿದ್ದ, ವೃದ್ಧರು ಹೊರಬರಲು ಹೆದರುತ್ತಿದ್ದ ಬಡಾವಣೆಯಲ್ಲಿ ಸಾವು ಹಲವು ಪಟ್ಟು ಹೆಚ್ಚು. ಮನೆಯಿಂದ ಹೊರಬರುವ ರೂಢಿ, ಹೊರಗೆ ಗುರುತಿನ ಮುಖ ಇವೆರಡೂ ಅಲ್ಲಿ ಜೀವ ಉಳಿಸಿದ್ದವು.

ನಮ್ಮ ಮೇಷ್ಟ್ರನ್ನು ಉಳಿಸಿದ್ದೂ ಅಂಥದೇ ಒಂದು ಗುರುತಿನ ಕಣ್ಣು. ಹಾಗೆ ನೋಡಿದರೆ ಹೂವಿನವಳು, ಹಾಲಿನವನು, ಎದುರುಮನೆಯಾಕೆ ಎಲ್ಲರೂ ಈ ದಂಪತಿಯ ಆರೋಗ್ಯ ವ್ಯವಸ್ಥೆಯ ಭಾಗವೇ. ಬಾಗಿಲು ಹಾಕಿಕೊಂಡಾಗ ನಾವು ಅವರೆಲ್ಲರನ್ನೂ ಹೊರಗಿಡುತ್ತೇವೆ.

ದಿನಚರಿ ಇರಲಿ, ಗಂಟೆ ಬದಲಾಗಲಿ

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಸರಳ. ಏನನ್ನೂ ನಿಲ್ಲಿಸಬೇಡಿ, ಹೊತ್ತನ್ನು ಬದಲಿಸಿಕೊಳ್ಳಿ. ಆರಕ್ಕೆ ನಡೆಯುತ್ತಿದ್ದವರು ಐದೂಕಾಲಿಗೆ ಹೊರಟು, ದೂರವನ್ನು ತುಸು ತಗ್ಗಿಸಿ, ಏಳರೊಳಗೆ ಮನೆ ಸೇರಲಿ. ಬ್ಯಾಂಕಿನ ಕೆಲಸವನ್ನು ಬಾಗಿಲು ತೆರೆದ ಕೂಡಲೇ ಮುಗಿಸಲಿ. ಹನ್ನೊಂದರಿಂದ ನಾಲ್ಕರವರೆಗೆ ಮನೆಯಲ್ಲೇ ಇರಲಿ. ಉದ್ಯಾನದ ಬೆಂಚಿಗೆ ಆರರ ಮೇಲೆ ಹೋಗಲಿ. ಕಿಟಕಿಗಳನ್ನು ಹಗಲು ಹಾಕಿ ಪರದೆ ಎಳೆದು, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಸೊಳ್ಳೆಪರದೆಯ ಆಸರೆಯಲ್ಲಿ ತೆರೆಯಬೇಕು. ತಾರಸಿಗೆ ಸುಣ್ಣ ಬಳಿದರೆ ಕೋಣೆಯ ಬೇಗೆ ತಗ್ಗುತ್ತದೆ.

ಮನೆಯ ಯಜಮಾನರ ಬಿಸಿಲಿನ ಚಿಂತೆ ಎಲ್ಲರಿಗೂ ಇರುತ್ತದೆ, ಒಲೆಯ ಮುಂದೆ ನಿಂತವರ ಚಿಂತೆ ಯಾರಿಗೂ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಅಮ್ಮನವರಿಗೆ ತಗಲುವ ಶಾಖ ಸಾಮಾನ್ಯದ್ದಲ್ಲ. ಅಡುಗೆ ಒಂಬತ್ತರೊಳಗೆ ಮುಗಿಯಲಿ. ಸಂಡಿಗೆ, ಹಪ್ಪಳ, ಶಾವಿಗೆ ಬಿಡಬೇಕಿಲ್ಲ. ಅದು ಬೇಸಿಗೆಯ ಸಂಭ್ರಮ, ನೆರೆಯವರೆಲ್ಲ ಸೇರುವ ಕೆಲಸ. ಬೆಳಿಗ್ಗೆ ಎಂಟರೊಳಗೆ ತಾರಸಿಯ ಮೇಲೆ ಹರವಿ ಕೆಳಗಿಳಿಯಿರಿ. ಕಾಗೆ ಕಾಯಲು ಕಪ್ಪು ಬಟ್ಟೆ ಕಟ್ಟಿದರೆ ಸಾಕು, ನೀವು ಕೂರಬೇಕಿಲ್ಲ.

ನೀರಿನ ವಿಷಯದಲ್ಲಿ ಗಡಿಯಾರವನ್ನು ನಂಬಿ. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಒಂದು ಲೋಟ ನೀರು, ತಿಳಿಮಜ್ಜಿಗೆ ಅಥವಾ ನಿಂಬೆಹಣ್ಣಿನ ಪಾನಕ ಕುಡಿಯಿರಿ. ರಾತ್ರಿ ಏಳುವ ತೊಂದರೆಯಿದ್ದರೆ ಹೆಚ್ಚಿನ ಪಾಲನ್ನು ಸಂಜೆಯೊಳಗೆ ಮುಗಿಸಿ, ಪೂರ್ತಿ ಬಿಡಬೇಡಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದೇ ಅರ್ಥ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಇಂಥವರಿಗೆ ಎಳನೀರೂ ಎಲ್ಲ ಸಂದರ್ಭಗಳಲ್ಲಿ ಒಳ್ಳೆಯದಲ್ಲ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಸಕ್ಕರೆ ಕಾಯಿಲೆಯವರು ಬೆಲ್ಲದ ಪಾನಕದ ಬದಲು ಮಜ್ಜಿಗೆಯನ್ನು ಆರಿಸಿಕೊಳ್ಳಲಿ.

ಇನ್ನು ಮಾತ್ರೆಗಳು. ಬೇಸಿಗೆ ಬರುವ ಮುಂಚೆ, ಮಾರ್ಚ್ ತಿಂಗಳಲ್ಲಿ, ನಿಮ್ಮ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಬಿ.ಪಿ. ಮಾತ್ರೆಗಳು, ನಿದ್ದೆಯ ಮಾತ್ರೆಗಳು, ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳು ಬೇಸಿಗೆಯಲ್ಲಿ ದೇಹದ ಮೇಲೆ ಹೆಚ್ಚು ಪರಿಣಾಮ ಬೀರಬಹುದು. ಪ್ರಮಾಣ ಬದಲಿಸಬೇಕೇ ಎಂದು ಅವರೇ ಹೇಳುತ್ತಾರೆ. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ತಲೆಸುತ್ತು, ಸ್ನಾಯುಸೆಳೆತ, ವಿಪರೀತ ಸುಸ್ತು, ವಾಕರಿಕೆ ಕಂಡರೆ ತಂಪಾದ ಕಡೆ ಮಲಗಿಸಿ, ಒದ್ದೆಬಟ್ಟೆಯಿಂದ ಮೈ ಒರೆಸಿ, ಓಆರ್‌ಎಸ್ ಕುಡಿಸಿ. ದೊಡ್ಡ ಪ್ಯಾಕೆಟ್ಟಾದರೆ ಸರಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕು. ಮಾತು ತೊದಲುತ್ತಿದ್ದರೆ, ಗುರುತು ತಪ್ಪುತ್ತಿದ್ದರೆ, ಮೈ ಕಾದ ಹೆಂಚಿನಂತಿದ್ದರೆ ಅದು ಉಷ್ಣಾಘಾತ ಇರಬಹುದು. ವಯಸ್ಸಿನ ಮರೆವೆಂದು ತಳ್ಳಿಹಾಕಬೇಡಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕದೆ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಾ ಕೂಡಲೇ 108ಕ್ಕೆ ಕರೆ ಮಾಡಿ.

ಬಾಗಿಲು ಬಡಿಯುವವರು ಯಾರು?

ಕೊನೆಯದಾಗಿ ಮಕ್ಕಳಿಗೊಂದು ಮಾತು. ರಾತ್ರಿಯ ಫೋನಿನಲ್ಲಿ "ಹೊರಗೆ ಹೋಗಬೇಡಿ" ಎನ್ನುವ ಬದಲು "ಇವತ್ತು ಕೆರೆಗೆ ಎಷ್ಟು ಹೊತ್ತಿಗೆ ಹೋಗಿದ್ರಿ? ಎಷ್ಟು ಲೋಟ ನೀರು ಕುಡಿದ್ರಿ? ಯಾರು ಸಿಕ್ಕಿದ್ರು?" ಎಂದು ಕೇಳಿ. ಎದುರುಮನೆಯವರ ನಂಬರ್ ನಿಮ್ಮ ಬಳಿ ಇರಲಿ. ಅವರ ಬಳಿ ಒಂದು ಬೀಗದ ಕೈ ಇರಲಿ.

ನಗರದ ಹೊಣೆಯೂ ಇದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ನೂರಾರು ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ತನ್ನದೇ ಆದ ಬಿಸಿಲು ನಿರ್ವಹಣಾ ಯೋಜನೆ ರೂಪಿಸಿತು. ನಮ್ಮ ಊರಿಗೂ ದೊಡ್ಡ ಖರ್ಚಿನದೇನೂ ಬೇಕಿಲ್ಲ. ಉದ್ಯಾನಗಳ ಗೇಟು ನಸುಕಿನಲ್ಲೇ ತೆರೆದು ರಾತ್ರಿಯವರೆಗೂ ತೆರೆದಿರಲಿ. ಬೆಂಚಿನ ಪಕ್ಕ ನೆರಳು, ಕುಡಿಯುವ ನೀರು ಇರಲಿ. ಒಂಟಿ ಹಿರಿಯರ ಪಟ್ಟಿಯೊಂದು ವಾರ್ಡಿನ ಆಶಾ ಕಾರ್ಯಕರ್ತೆಯ ಬಳಿ ಇರಲಿ. ನಮ್ಮ ಬಡಾವಣೆ ಹೊತ್ತಿರುವುದು 1902ರಲ್ಲಿ ಹುಟ್ಟಿ 2000ದವರೆಗೆ, 97 ವರ್ಷ ತುಂಬು ಬಾಳು ಬದುಕಿದ ಎಸ್. ನಿಜಲಿಂಗಪ್ಪನವರ ಹೆಸರನ್ನು. ಇಲ್ಲಿ ಹಿರಿಯರು ನೆಮ್ಮದಿಯಿಂದ ಬಾಳಲು ಇಷ್ಟಾದರೂ ಆಗಬೇಡವೇ?

ಮೇಷ್ಟ್ರು ಈ ವರ್ಷ ಮತ್ತೆ ಕೆರೆಯ ಏರಿಗೆ ಬರುತ್ತಿದ್ದಾರೆ, ಮೊದಲಿಗಿಂತ ಮುಂಚೆಯೇ. ಹೆಗಲಿಗೆ ನೀರಿನ ಬಾಟಲಿ ಬಂದಿದೆ, ಮಾತ್ರೆ ಬದಲಾಗಿದೆ. ಅವರ ಪತ್ನಿ ಎದುರುಮನೆಯಾಕೆಯೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಹಾಲು ಒಳಗೆ ಒಯ್ದ ಮೇಲೆ ಖಾಲಿ ಚೀಲವನ್ನು ಗೇಟಿಗೆ ನೇತುಹಾಕುವುದು. ಏಳು ಗಂಟೆಗೆ ಚೀಲ ಖಾಲಿಯಿದ್ದರೆ ಎಲ್ಲ ಕ್ಷೇಮ. ಹಾಲು ಅದರಲ್ಲೇ ಇದ್ದರೆ ಬಂದು ಬಾಗಿಲು ಬಡಿಯುವುದು. ಇದಕ್ಕೆ ಕಾಸು ಖರ್ಚಿಲ್ಲ. ನಿಮ್ಮ ಬೀದಿಯಲ್ಲೂ ನಾಳೆಯಿಂದಲೇ ಆರಂಭಿಸಬಹುದು.