ಕಾಲಿಗೆ ಬೇಕಾದಷ್ಟೇ ಬೆಳಕು

ಮಲೆನಾಡಿನಲ್ಲಿ ಪ್ರಯಾಣವೆಂಬುದು ಬಸ್ಸು ಇಳಿದಲ್ಲಿಗೆ ಮುಗಿಯುವುದಿಲ್ಲ. ಹಲವರ ಪಾಲಿಗೆ ಅದು ಅಲ್ಲಿಂದಲೇ ಆರಂಭವಾಗುತ್ತದೆ. ಪೇಟೆಯಿಂದ ಹೊರಟ ಕೊನೆಯ ಬಸ್ಸು ಡಾಂಬರು ರಸ್ತೆಯ ತಿರುವಿನಲ್ಲಿ ಒಬ್ಬಿಬ್ಬರನ್ನು ಇಳಿಸಿ ಮುಂದೆ ಸಾಗುತ್ತದೆ. ಅಲ್ಲಿಂದ ಮನೆಗೆ ಒಂದೋ ಎರಡೋ ಕಿಲೋಮೀಟರ್ ಕಾಲುದಾರಿ. ಉಣುಗೋಲು ದಾಟಬೇಕು, ಗದ್ದೆಯ ಬದು ಹಿಡಿಯಬೇಕು, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ಕಾಲಿಡಬೇಕು, ತೋಟದ ತರಗೆಲೆಯ ನಡುವೆ ಹಾಯಬೇಕು. ಆಷಾಢದ ರಾತ್ರಿಯಾದರೆ ಆಕಾಶದಲ್ಲಿ ನಕ್ಷತ್ರದ ಬೆಳಕೂ ಇರುವುದಿಲ್ಲ. ಎಲ್ಲೋ ಮರ ಬಿದ್ದು ತಂತಿ ಹರಿದು, ಊರಿಗೆ ಊರೇ ಕತ್ತಲಲ್ಲಿ ಮುಳುಗಿರುತ್ತದೆ. ಕಾಲೇಜಿನಿಂದ ಮರಳುವ ವಿದ್ಯಾರ್ಥಿನಿ, ಆಸ್ಪತ್ರೆಗೆ ಹೋಗಿ ಬರುವ ವೃದ್ಧ, ತೋಟದ ಕೆಲಸ ಮುಗಿಸಿ ಹೊರಟ ಕೂಲಿಯಾಳು, ಇವರ ಜೇಬಿನಲ್ಲೋ ಚೀಲದಲ್ಲೋ ಆ ಹೊತ್ತಿಗೆ ಬೆರಳುದ್ದದ ಟಾರ್ಚೊಂದು ಇದೆಯೇ ಇಲ್ಲವೇ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ. ಕೆಲವೊಮ್ಮೆ ಅದು ಜೀವದ ಪ್ರಶ್ನೆ.

ಕತ್ತಲ ದಾರಿಗೆ ಬೆಳಕು ಒಯ್ಯುವುದು ಮಲೆನಾಡಿಗರಿಗೆ ಹೊಸ ಪಾಠವೇನೂ ಅಲ್ಲ. ತೆಂಗಿನ ಒಣಗರಿಯ ಸೂಡಿ ಕಟ್ಟಿ, ಅದನ್ನು ಬೀಸುತ್ತ ಬಯಲಾಟ ನೋಡಲು ಹೋಗಿ ಬಂದ ತಲೆಮಾರು ಇನ್ನೂ ಊರುಗಳಲ್ಲಿದೆ. ಸೂಡಿಯ ಬಳಿಕ ಲಾಟೀನು ಬಂತು. ಲಾಟೀನಿನ ಬಳಿಕ ಎರಡು ಮೂರು ಸೆಲ್ಲು ಹಾಕುವ ಉದ್ದನೆಯ ಟಾರ್ಚು ಬಂದು, ಹಳ್ಳಿಗರ ಬಾಯಲ್ಲಿ 'ಬ್ಯಾಟರಿ' ಎಂಬ ಹೆಸರು ಪಡೆದು, ಪ್ರತಿ ಮನೆಯ ಜಗಲಿಯಲ್ಲೂ ಕಾಯಂ ಸ್ಥಾನ ಗಿಟ್ಟಿಸಿತು. ಬ್ಯಾಟರಿ ಹಿಡಿಯದೆ ಅಂಗಳ ದಾಟುವವರನ್ನು ಮನೆಯ ಹಿರಿಯರು ಗದರುತ್ತಿದ್ದರು. ಆ ಗದರಿಕೆಯ ಹಿಂದೆ ಅನುಭವವಿತ್ತು. ಆದರೆ ಕಳೆದ ಎರಡು ದಶಕಗಳಲ್ಲಿ ಬೈಕು ಬಂದಿತು, ಮೊಬೈಲು ಬಂದಿತು, ಆ ಶಿಸ್ತು ಮಾತ್ರ ಸಡಿಲವಾಯಿತು. ಹೋಗಬೇಕಾದ ದಾರಿಯೂ ಕತ್ತಲೆಯೂ ಹಾವುಗಳೂ ಇದ್ದಂತೆಯೇ ಇವೆ.

ಕಚ್ಚಿದ ಮೇಲಲ್ಲ, ಕಚ್ಚುವ ಮುನ್ನ

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ. ಇವರಲ್ಲಿ ಬಹುಪಾಲು ಜನ ಹಳ್ಳಿಗರು. ಸಾವುಗಳಲ್ಲಿ ಸುಮಾರು ಅರ್ಧದಷ್ಟು ಸಂಭವಿಸಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ಉಪೇಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರವು 2030ರ ವೇಳೆಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಇವೆಲ್ಲ ತಡವಾಗಿಯಾದರೂ ಬಂದ ಸ್ವಾಗತಾರ್ಹ ಹೆಜ್ಜೆಗಳು.

ಆದರೆ ಈ ಕ್ರಮಗಳ ಬಹುಭಾಗ ಕಚ್ಚಿದ ಮೇಲಿನ ಕಥೆ. ಮಲೆನಾಡಿನ ಮಟ್ಟಿಗೆ ಆ ಕಥೆ ಎಷ್ಟು ಕಠಿಣವೆಂಬುದು ಎಲ್ಲರಿಗೂ ಗೊತ್ತು. ಕಡಿತಕ್ಕೊಳಗಾದವರನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತರಬೇಕು, ವಾಹನ ಸಿಗಬೇಕು, ತಲುಪಿದ ಆಸ್ಪತ್ರೆಯಲ್ಲಿ ಪ್ರತಿವಿಷ ಇರಬೇಕು. ಇದ್ದರೂ ಸಾಲದು. ಭಾರತದಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನಾಧರಿಸಿ ತಯಾರಿಸಲಾಗುತ್ತದೆ. ಪಶ್ಚಿಮ ಘಟ್ಟದ ಕಾಫಿ ತೋಟ, ಅಡಿಕೆ ತೋಟಗಳ ತರಗೆಲೆಯಲ್ಲಿ ಎಲೆಯದೇ ಬಣ್ಣ ತಳೆದು ಮಲಗುವ, ಮೂತಿ ತುಸು ಮೇಲೆದ್ದ ಪುಟ್ಟ ಗುಳಿಮಂಡಲದ ವಿಷಕ್ಕೆ ಅದು ಪರಿಣಾಮಕಾರಿಯಲ್ಲ. ಇಂಥ ನೆಲದಲ್ಲಿ ಕಚ್ಚಿಸಿಕೊಳ್ಳದಿರುವುದೇ ಮೊದಲ ಚಿಕಿತ್ಸೆ.

ಹಾವು ಮನುಷ್ಯನನ್ನು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಕಾಣದೆ ತುಳಿದಾಗ, ಅಥವಾ ಇನ್ನೇನು ತುಳಿಯುವಷ್ಟು ಹತ್ತಿರ ಕಾಲಿಟ್ಟಾಗ ತನ್ನ ರಕ್ಷಣೆಗಾಗಿ ಕಚ್ಚುತ್ತದೆ. ಕಡಿತಗಳಲ್ಲಿ ಹೆಚ್ಚಿನವು ಪಾದಕ್ಕೋ ಕಣಕಾಲಿಗೋ ಆಗುವುದು ಇದೇ ಕಾರಣಕ್ಕೆ. ಆದ್ದರಿಂದ ರಾತ್ರಿ ನಡೆಯುವಾಗ ಕೈಯಲ್ಲಿ ಬೆಳಕು, ಕಾಲಿಗೆ ಮುಚ್ಚಿದ ಪಾದರಕ್ಷೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇದೆ, ಮನೆಯ ಅಜ್ಜಿಯ ಮಾತಿನಲ್ಲೂ ಇದೆ. ಒಂದು ವಿಷಯವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಚಿರತೆ, ಪುನುಗುಬೆಕ್ಕು ಮುಂತಾದ ಪ್ರಾಣಿಗಳ ಕಣ್ಣು ಟಾರ್ಚಿನ ಬೆಳಕಿಗೆ ಹೊಳೆಯುತ್ತದೆ; ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ. ದೂರದಿಂದ ಹೊಳಪು ಕಂಡು ಎಚ್ಚರಗೊಳ್ಳೋಣವೆಂದರೆ ಸಾಧ್ಯವಿಲ್ಲ. ಮುಂದಿನ ನಾಲ್ಕು ಹೆಜ್ಜೆಯ ನೆಲವನ್ನೇ ನೋಡುತ್ತ ನಡೆಯಬೇಕು.

ಸಣ್ಣ ಬೆಳಕೇ ಏಕೆ?

ಮೊದಲಿನ ಟಾರ್ಚುಗಳು ಭಾರವಾಗಿದ್ದವು, ಸೆಲ್ಲು ಬೇಗ ಮುಗಿಯುತ್ತಿತ್ತು. ಅದಕ್ಕೆ ಕಾರಣ ತಂತಿಯ ಬಲ್ಬು. ಅದು ಸೆಲ್ಲಿನ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆದು, ಅಲ್ಪಭಾಗವನ್ನು ಮಾತ್ರ ಬೆಳಕಾಗಿಸುತ್ತಿತ್ತು. ನೀಲಿ ಎಲ್‌ಇಡಿಯ ಆವಿಷ್ಕಾರದಿಂದ ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾಯಿತು. ಆ ಆವಿಷ್ಕಾರಕ್ಕೆ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಅದರ ಫಲವಾಗಿ ಇಂದು ಒಂದೇ ಒಂದು ಪೆನ್ ಸೆಲ್ಲಿನ, ಅಂಗಿಯ ಜೇಬಿನಲ್ಲಿ ಪೆನ್ನಿನಂತೆ ಕೂರುವ ಟಾರ್ಚು ಹಲವು ಗಂಟೆ ಉರಿಯುತ್ತದೆ. ಸಾಧಾರಣವಾದದ್ದು ನೂರಿನ್ನೂರು ರೂಪಾಯಿಗೆ ಸಿಗುತ್ತದೆ.

ಪ್ರಖರವಾದಷ್ಟೂ ಒಳ್ಳೆಯದೆಂಬ ಭಾವನೆ ಅಂಗಡಿಗಳಲ್ಲಿ ಬೆಳೆದಿದೆ. ಕಣ್ಣಿನ ರಚನೆ ಬೇರೆಯದನ್ನೇ ಹೇಳುತ್ತದೆ. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಪ್ರಖರ ಬೆಳಕೊಂದು ಆ ಹೊಂದಾಣಿಕೆಯನ್ನು ಕ್ಷಣಮಾತ್ರದಲ್ಲಿ ಕೆಡಿಸುತ್ತದೆ. ಆಗ ಬೆಳಕಿನ ವೃತ್ತದ ಒಳಗಿನದಷ್ಟೇ ಕಾಣುತ್ತದೆ, ಹೊರಗಿನದೆಲ್ಲ ಇನ್ನಷ್ಟು ಕಪ್ಪಾಗುತ್ತದೆ. ನಡೆಯುವುದಕ್ಕೆ ಹತ್ತಿಪ್ಪತ್ತು ಲ್ಯೂಮೆನ್‌ಗಳ ಮಂದ ಬೆಳಕು ಸಾಕು. ಅದನ್ನು ಹಿಡಿಯುವ ಕ್ರಮವೂ ಮುಖ್ಯ. ಸೊಂಟದ ಮಟ್ಟಕ್ಕಿಂತ ಕೆಳಗೆ ಹಿಡಿದಾಗ ನೆಲದ ಮೇಲಿನ ಕಲ್ಲು, ಬೇರು, ಕುಳಿ, ಸುರುಳಿ ಸುತ್ತಿ ಮಲಗಿದ ಹಾವು ಎಲ್ಲದಕ್ಕೂ ಉದ್ದನೆಯ ನೆರಳು ಬಿದ್ದು ಆಕಾರ ಸ್ಪಷ್ಟವಾಗುತ್ತದೆ. ಹಣೆಯ ಮಟ್ಟದಿಂದ ಬಿದ್ದ ಬೆಳಕಿಗೆ ನೆರಳುಗಳು ಅಡಗಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ.

ಮೊಬೈಲು ಇದೆಯಲ್ಲ?

ಕಿರಿಯರ ಮೊದಲ ಪ್ರಶ್ನೆ ಇದೇ. ಪ್ರಶ್ನೆ ಸಹಜವಾದದ್ದು, ಮೊಬೈಲಿನ ಬೆಳಕು ಏನೂ ಇಲ್ಲದಿರುವುದಕ್ಕಿಂತ ಖಂಡಿತ ಮೇಲು. ಆದರೆ ಮಲೆನಾಡಿನಲ್ಲಿ ಅದನ್ನೇ ನಂಬಿ ಹೊರಡುವುದು ಜಾಣತನವಲ್ಲ. ಸಿಗ್ನಲ್ ಸಿಗದ ಕಣಿವೆಯಲ್ಲಿ ಮೊಬೈಲು ಟವರಿಗಾಗಿ ಹುಡುಕುತ್ತಲೇ ಚಾರ್ಜು ಕಳೆದುಕೊಳ್ಳುತ್ತದೆ. ಬೆಳಗ್ಗೆ ಮನೆ ಬಿಟ್ಟವರ ಕೈಯಲ್ಲಿ ರಾತ್ರಿಯ ಹೊತ್ತಿಗೆ ಉಳಿಯುವುದು ಅಲ್ಪಸ್ವಲ್ಪ. ಆ ಅಲ್ಪಸ್ವಲ್ಪವನ್ನು ದಾರಿ ನೋಡಲು ಸುಟ್ಟುಬಿಟ್ಟರೆ, ಕಾಲು ಉಳುಕಿದಾಗಲೋ ಹಾವು ಕಚ್ಚಿದಾಗಲೋ 108ಕ್ಕೆ ಕರೆ ಮಾಡುವುದು ಹೇಗೆ? ಮಳೆಯಲ್ಲಿ ತೊಯ್ದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಸಂಕ ದಾಟುವಾಗ ಜಾರಿದರೆ ಬೆಳಕೂ ಸಂಪರ್ಕವೂ ಒಟ್ಟಿಗೇ ಹಳ್ಳ ಸೇರುತ್ತವೆ. ಬೆಳಕು ಕೊಡುವ ವಸ್ತು, ಕರೆ ಮಾಡುವ ವಸ್ತು ಬೇರೆಬೇರೆ ಇದ್ದಾಗ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ.

ದೂರದ ಪ್ರಯಾಣಕ್ಕೂ ಈ ಮಾತು ಅನ್ವಯಿಸುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತಿತು. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲೂ ಮಣ್ಣು ಜರಿದು ವಾಹನಗಳು ನಿಲ್ಲಬೇಕಾಯಿತು. ಮಳೆಗಾಲದಲ್ಲಿ ಘಟ್ಟ ಹತ್ತಿಳಿಯುವ ಯಾವ ಬಸ್ಸೂ ರಾತ್ರಿ ನಡುದಾರಿಯಲ್ಲಿ ನಿಲ್ಲಬಹುದು. ಆಗ ಮಕ್ಕಳನ್ನೋ ಹಿರಿಯರನ್ನೋ ಕೆಳಗಿಳಿಸುವಾಗ, ಚರಂಡಿ ಯಾವುದು ರಸ್ತೆ ಯಾವುದೆಂದು ತಿಳಿಯುವಾಗ, ಎದುರಿನಿಂದ ಬರುವ ವಾಹನಕ್ಕೆ ಎಚ್ಚರಿಕೆ ನೀಡುವಾಗ ಪುಟ್ಟ ಟಾರ್ಚು ದೊಡ್ಡ ಉಪಕಾರ ಮಾಡುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದದ್ದು ಬೆಳಗಾಗುವ ಮುನ್ನ, ಜನ ನಿದ್ರೆಯಲ್ಲಿದ್ದಾಗ. ಅಂಥ ದುರಂತವನ್ನು ಟಾರ್ಚು ತಡೆಯಲಾರದು. ಆದರೆ ಕತ್ತಲಲ್ಲಿ ಎದ್ದು ಬಾಗಿಲು ಹುಡುಕಬೇಕಾದ ಹೊತ್ತಿನಲ್ಲಿ ದಿಂಬಿನ ಪಕ್ಕದ ಬೆಳಕಿನ ಬೆಲೆ ಏನೆಂಬುದನ್ನು ಗುಡ್ಡದ ಬುಡದಲ್ಲಿ ವಾಸಿಸುವವರಿಗೆ ವಿವರಿಸಬೇಕಾಗಿಲ್ಲ. ಪರಊರಿನ ನೆಂಟರ ಮನೆಯಲ್ಲೋ ವಸತಿಗೃಹದಲ್ಲೋ ತಂಗಿದವರಿಗೆ ಅದು ಇನ್ನೂ ಅಗತ್ಯ. ಅಲ್ಲಿ ಬಾಗಿಲಿನ ದಿಕ್ಕೂ ಅಪರಿಚಿತ.

ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಪೇಟೆಯ ಯಾವ ಅಂಗಡಿಯಲ್ಲೂ ಸಿಗುವ ಪೆನ್ ಸೆಲ್ಲು ಹಾಕಬಹುದಾದ ಟಾರ್ಚನ್ನೇ ಆರಿಸುವುದು ಲೇಸು. ಒಳಗೇ ಬ್ಯಾಟರಿ ಮುಚ್ಚಿಟ್ಟು ಮಾರುವ ಅಗ್ಗದ ಚಾರ್ಜು ಟಾರ್ಚುಗಳಲ್ಲಿ ಆ ಬ್ಯಾಟರಿ ಸತ್ತ ದಿನ ಇಡೀ ಟಾರ್ಚೇ ಕಸವಾಗುತ್ತದೆ. ಮೂರು ದಿನ ವಿದ್ಯುತ್ತು ಹೋದರೆ ಚಾರ್ಜು ಮಾಡುವ ದಾರಿಯೂ ಇರುವುದಿಲ್ಲ. ನೂರಾರು ಸಲ ಮರುಚಾರ್ಜು ಮಾಡಬಹುದಾದ ಪೆನ್ ಸೆಲ್ಲುಗಳು ದೊರೆಯುತ್ತವೆ. ನಿತ್ಯ ಬಳಸುವವರಿಗೆ ಅವೇ ಲಾಭಕರ. ಬಳಸದೆ ತಿಂಗಳುಗಟ್ಟಲೆ ಇಡುವುದಾದರೆ ಸೆಲ್ಲನ್ನು ಹೊರತೆಗೆದು ಇಡಬೇಕು. ಇಲ್ಲವಾದರೆ ಸಾಮಾನ್ಯ ಸೆಲ್ಲಿನ ಸತುವಿನ ಕವಚ ಸವೆದು ದ್ರವ ಸೋರಿ ಟಾರ್ಚು ಹಾಳಾಗುತ್ತದೆ. ಮಳೆಗಾಲದಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟರೆ ತೇವ ಹಿಡಿಯುವುದಿಲ್ಲ.

ಖಾಲಿಯಾದ ಸೆಲ್ಲುಗಳನ್ನು ಗದ್ದೆಯ ಅಂಚಿಗೆ, ಹಳ್ಳಕ್ಕೆ, ಗೊಬ್ಬರದ ಗುಂಡಿಗೆ ಎಸೆಯುವ ಅಭ್ಯಾಸ ಮಾತ್ರ ನಿಲ್ಲಬೇಕು. ಸತು, ಮ್ಯಾಂಗನೀಸ್ ಬೆಳೆಗೆ ಬೇಕಾದ ಲಘು ಪೋಷಕಾಂಶಗಳೇ ಹೌದು. ಆದರೆ ಗುಂಜಿಯಷ್ಟು ಬೇಕಾದಲ್ಲಿ ಬೊಗಸೆಯಷ್ಟು ಬಿದ್ದರೆ ಅದು ಪೋಷಣೆಯಲ್ಲ, ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹಳ್ಳಿಯ ಅಂಗಡಿ, ಶಾಲೆ, ಹಾಲಿನ ಡೇರಿಗಳಲ್ಲಿ ಒಂದೊಂದು ಡಬ್ಬಿಯಿಟ್ಟು ಸಂಗ್ರಹಿಸಿ, ಪಂಚಾಯಿತಿಯ ಕಸ ವಿಲೇವಾರಿಗೆ ಒಪ್ಪಿಸುವುದು ಕಷ್ಟದ ಕೆಲಸವಲ್ಲ.

ಕಾಡಿಗೆ ಬೆಳಕು ಬೇಡ

ಬೆಳಕಿನ ಬಗೆಗಿನ ಈ ಒತ್ತಾಯವನ್ನು ಎಲ್ಲೆಡೆ ದೀಪ ಹಾಕಬೇಕೆಂಬ ಬೇಡಿಕೆಯಾಗಿ ತಿಳಿಯಬಾರದು. ಬೆಳಕು ಬೇಕಾಗಿರುವುದು ನಡೆಯುವವರ ಕಾಲಿಗೆ, ಕಾಡಿಗಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮರಕ್ಕೆ ಮರವೇ ಮಿನುಗುವ ಮಿಂಚುಹುಳುಗಳು ಸಂಗಾತಿಯನ್ನು ಕರೆಯುವುದು ಬೆಳಕಿನ ಭಾಷೆಯಲ್ಲಿ. ಕೃತಕ ದೀಪದ ಎದುರು ಆ ಭಾಷೆ ಅಳಿಸಿಹೋಗುತ್ತದೆ. ರಾತ್ರಿಯಿಡೀ ಉರಿಯುವ ಎತ್ತರದ ಕಂಬದ ದೀಪಗಳು ಪತಂಗಗಳನ್ನು ಸೆಳೆದು ಕೊಲ್ಲುತ್ತವೆ. ಬೇಕಾದಾಗ ಹೊತ್ತಿ, ದಾಟಿದ ಮೇಲೆ ಆರುವ ಜೇಬಿನ ಟಾರ್ಚು ಈ ಅಪರಾಧ ಮಾಡುವುದಿಲ್ಲ. ಮನುಷ್ಯನ ಸುರಕ್ಷೆ, ಕಾಡಿನ ಕತ್ತಲೆ ಎರಡನ್ನೂ ಒಟ್ಟಿಗೆ ಕಾಯುವ ಬೆಳಕು ಅದೊಂದೇ.

ಹಾಗೆಯೇ ಅದರ ದುರುಪಯೋಗಕ್ಕೂ ತಡೆ ಬೇಕು. ಪ್ರಖರ ಟಾರ್ಚು ಹಿಡಿದು ಪ್ರಾಣಿಗಳ ಕಣ್ಣು ಕೋರೈಸಿ ಬೇಟೆಯಾಡುವವರು ಮಲೆನಾಡಿನ ಕಾಡಂಚಿನಲ್ಲಿ ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. ಸಕಲೇಶಪುರ, ಕೊಡಗಿನ ಕಡೆ ಆನೆ ಎದುರಾದಾಗ ಅದರ ಮುಖಕ್ಕೆ ಬೆಳಕು ಬಿಟ್ಟು ಕೆಣಕುವುದು ಸಾವನ್ನು ಕರೆದಂತೆ. ಹಾವು ಕಂಡರೆ ಕೊಲ್ಲುವುದಕ್ಕಾಗಿ ಟಾರ್ಚು ಅಲ್ಲ. ನಿಂತು, ಅದಕ್ಕೆ ದಾರಿ ಬಿಟ್ಟು, ಬಳಿಕ ಮುಂದೆ ಹೋಗುವುದಕ್ಕಾಗಿ.

ಕೊನೆಯದಾಗಿ ಒಂದು ಎಚ್ಚರಿಕೆ. ಜನ ಟಾರ್ಚು ಹಿಡಿದರೆಂದು ಸರ್ಕಾರದ ಹೊಣೆ ಕಡಿಮೆಯಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ ಮತ್ತು ಅದನ್ನು ಕೊಡಬಲ್ಲ ವೈದ್ಯರು ಇರಲೇಬೇಕು. ಹಳ್ಳಗಳಿಗೆ ಗಟ್ಟಿ ಕಾಲುಸಂಕ ಆಗಲೇಬೇಕು. ವಿದ್ಯಾರ್ಥಿಗಳನ್ನು ಹಗಲಿದ್ದಾಗಲೇ ಊರಿಗೆ ತಲುಪಿಸುವ ಬಸ್ಸು ಬರಲೇಬೇಕು. ಇವುಗಳಿಗಾಗಿ ಗ್ರಾಮಸಭೆಗಳಲ್ಲಿ ಕೇಳುತ್ತಲೇ ಇರಬೇಕು. ಆದರೆ ಬೇಡಿಕೆ ಈಡೇರುವವರೆಗೂ ಜನ ನಡೆಯುತ್ತಲೇ ಇರುತ್ತಾರೆ. ಹಾವು ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕೆಂದು ಶಾಲೆಗಳಲ್ಲಿ ಕಲಿಸುವಾಗಲೇ, ಮಕ್ಕಳ ಚೀಲದಲ್ಲಿ ಕೊಡೆಯ ಜೊತೆಗೆ ಒಂದು ಟಾರ್ಚೂ ಇದೆಯೇ ಎಂದು ಕೇಳಬೇಕು. ಸಂಘಗಳು ಬಹುಮಾನವಾಗಿ ಕೊಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳ ಬದಲು ಒಂದು ಪುಟ್ಟ ಟಾರ್ಚನ್ನೇ ಕೊಡಬಹುದು. ಈ ವರ್ಷದ ಮಳೆಗಾಲಕ್ಕೆ ಮುನ್ನ ಪ್ರತಿ ಮನೆಯಲ್ಲೂ ನಡೆದು ಹೋಗಿಬರುವವರನ್ನು ಎಣಿಸಿ, ಅಷ್ಟೇ ಸಂಖ್ಯೆಯ ಟಾರ್ಚುಗಳು ಇವೆಯೇ ಎಂದು ನೋಡಿಕೊಂಡರೆ ಸಾಕು. ಜಗಲಿಯ ಗೂಟಕ್ಕೆ ತೂಗುವ ಬ್ಯಾಟರಿ ಮನೆಯಲ್ಲಿದ್ದವರಿಗಾಯಿತು. ದಾರಿಯಲ್ಲಿರುವವರ ಜೇಬಿನಲ್ಲೂ ಒಂದಿರಲಿ.