ಗೃಹಾರೋಗ್ಯ: ಸೀಸದ ಸಿಪಾಯಿಗಳು

ದೀಪಾವಳಿಯ ದಿನಗಳಲ್ಲಿ ಬೆಳಗಾವಿಯ ಓಣಿಗಳಲ್ಲಿಯೂ ಖಾನಾಪುರದ ಅಂಗಳಗಳಲ್ಲಿಯೂ ಹುಡುಗರು ಕಲ್ಲುಮಣ್ಣುಗಳಿಂದ ಕಿಲ್ಲೆ ಕಟ್ಟಿ, ಬುರುಜುಗಳ ಮೇಲೆ ಪುಟ್ಟ ಮಾವಳೆ ಸಿಪಾಯಿಗಳನ್ನು ನಿಲ್ಲಿಸುವದು ವಾಚಕರಿಗೆ ಗೊತ್ತೇ ಇದೆ. ಈ ಸಿಪಾಯಿಗಳು ಬಹುಮಟ್ಟಿಗೆ ಮಣ್ಣಿನವು ಇಲ್ಲವೆ ಪ್ಲಾಸ್ಟರಿನವು. ಆದರೆ ಹವ್ಯಾಸವು ಬೆಳೆದಂತೆ ದೊಡ್ಡ ಹುಡುಗರೂ, ಕೆಲವೆಡೆ ಅವರ ತಂದೆಗಳೂ, ಲೋಹದ ಬೊಂಬೆಗಳನ್ನು ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವದುಂಟು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿರುವ ಈ ದಂಡಿನ ಊರಿನಲ್ಲಿ ಸಿಪಾಯಿ ಬೊಂಬೆಗಳ ಮೋಹವಿದ್ದರೆ ಆಶ್ಚರ್ಯವೇನು?

ಇದನ್ನು ಬಿಡಿರೆಂದು ನಾವು ಹೇಳುವದಿಲ್ಲ. ಆದರೆ ಅದೇ ಮನೆಯಲ್ಲಿ ಅಂಬೆಗಾಲಿಡುವ ಕೂಸೊಂದಿದ್ದರೆ ಅಥವಾ ಗರ್ಭಿಣಿಯೊಬ್ಬಳಿದ್ದರೆ, ಬೊಂಬೆಯು ಯಾವ ಲೋಹದ್ದೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಲಂಡನ್ನಿನ ಬ್ರಿಟನ್ ಕಂಪನಿಯವರು 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಪೇಟೆಗೆ ತಂದರು. ಆ ಮೇಲೆ ಬಹುಕಾಲ ಸೀಸವೇ ಈ ಆಟಿಕೆಗಳ ಮುಖ್ಯ ದ್ರವ್ಯವಾಗಿತ್ತು. 1993ರಲ್ಲಿ ಅಮೇರಿಕದ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯ ಮುಂದೆ ಇದನ್ನು ನಿಷೇಧಿಸುವ ಮಸೂದೆ ಬಂದಾಗ, ಅನೇಕ ತಯಾರಕರು ಸೀಸವನ್ನು ಬಿಟ್ಟು ತವರದ ಮಿಶ್ರಲೋಹಕ್ಕೆ ತಿರುಗಿದರು. ಆದಕಾರಣ ಹಳೆಯ ಬೊಂಬೆಗಳನ್ನೂ, ಲೋಹದ ಹೆಸರಿಲ್ಲದ ಬೊಂಬೆಗಳನ್ನೂ ಸೀಸದವೆಂದೇ ಭಾವಿಸುವದು ಲೇಸು.

ಸೀಸದ ಗಟ್ಟಿಯನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಅದು ಚರ್ಮದೊಳಗೆ ಇಳಿಯುವದು ಅತ್ಯಲ್ಪ. ಕೇಡು ಬರುವದು ಬಾಯಿಯಿಂದ ಮತ್ತು ಉಸಿರಿನಿಂದ. ಅರದ ಧೂಳು ಉಗುರಿನ ಸಂದಿಯಲ್ಲಿ ಸೇರಿ, ಆ ಕೈಯಿಂದಲೇ ಅವಲಕ್ಕಿ ತಿಂದರೆ ಹೊಟ್ಟೆಗೆ ಹೋಗುವದು. ನೆಲಕ್ಕೆ ಬಿದ್ದ ಧೂಳು ಕೂಸಿನ ಅಂಗೈಗೆ ಹತ್ತಿ, ಅಲ್ಲಿಂದ ಅದರ ಬಾಯಿಗೆ. ಒಂದೇ ಅಳತೆಯ ಸೀಸವನ್ನು ನುಂಗಿದರೂ ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುವದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ; ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದೂ ಅದರ ಮತ. ಮೊದಮೊದಲು ಹೊರಗೆ ಯಾವ ಕುರುಹೂ ಕಾಣದೆ, ಮಗುವಿನ ಬುದ್ಧಿಯ ಬೆಳವಣಿಗೆಯು ಕುಂಠಿತವಾಗುವದೇ ಇದರ ಘೋರತೆ.

ಕೆಲಸಕ್ಕೆ ಅಡಿಗೆಮನೆಯೂ ಊಟದ ಜಾಗವೂ ಬೇಡ. ಹಳೆಯ ಕಾಗದ ಹಾಸಿ, ಬೊಂಬೆಯನ್ನು ನೀರಿನಿಂದ ತೋಯಿಸಿ ಉಜ್ಜಿದರೆ ಧೂಳು ಹಾರದು. ಮುಗಿದ ಮೇಲೆ ಕಸಬರಿಗೆಯಿಂದ ಗುಡಿಸಲೇಕೂಡದು. ಒದ್ದೆ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಪಾತ್ರೆ ತೊಳೆಯುವ ಕಡೆಗೆ ಒಯ್ಯದಿರತಕ್ಕದ್ದು. ಸಾಬೂನು ಹಚ್ಚಿ ಉಗುರುಗಳ ಸಮೇತ ಕೈ ತೊಳೆಯದೆ ಚಹದ ಕಪ್ಪು ಮುಟ್ಟಬಾರದು. ಕೈಗೆ ಸವರಿಕೊಳ್ಳುವ ಸ್ಯಾನಿಟೈಸರಿನಿಂದ ಸೀಸವು ಹೋಗದು. ಕುಂಚದ ತುದಿಯನ್ನು ತುಟಿಗೆ ಹಚ್ಚಿ ಚೂಪು ಮಾಡುವ ಚಾಳಿಯನ್ನಂತೂ ಇಂದೇ ಬಿಡಿಸಬೇಕು. ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ 2017ರಿಂದ ಜಾರಿಯಲ್ಲಿದ್ದರೂ, ಅಟ್ಟದ ಮೇಲಿನ ಹಳೆಯ ಡಬ್ಬಿಗೆ ಆ ನಿಯಮ ತಿಳಿಯದಷ್ಟೆ! ಮರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟ ಸೀಸದ ಬೊಂಬೆಗೆ ಕೆಲವೊಮ್ಮೆ ಬಿಳಿಯ ಹುಡಿ ಏಳುವದು. ಅದೂ ಸೀಸವೇ, ಬಾಯಿಂದ ಊದಬಾರದು.

ಮನೆಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಒಂದೇ: ಬೇಡ. ಉದ್ಯಮಬಾಗದ ಎರಕದ ಕಾರಖಾನೆಗಳನ್ನು ಕಂಡ ಹುಡುಗನಿಗೆ ಇದು ಸುಲಭವೆನಿಸೀತು. ಯಾಕಂದರೆ ಸೀಸವು 327 ಡಿಗ್ರಿಗೇ ಕರಗುವದು. ಮನೆಯ ಒಲೆಯೇ ಅದಕ್ಕೆ ಸಾಕು. ಆದರೆ ಅಚ್ಚಿನಲ್ಲಿ ತುಸು ತೇವವಿದ್ದರೂ ನೀರು ಥಟ್ಟನೆ ಆವಿಯಾಗಿ ಕಾದ ಲೋಹವನ್ನು ಮುಖಕ್ಕೆ ಸಿಡಿಸುವದು; ಹೊಗೆಯೂ ಮೇಲ್ಗಡೆ ಕಟ್ಟುವ ಕಿಟ್ಟದ ಹುಡಿಯೂ ವಿಷವೇ. ಕೈಯಿಂದ ಸಿಪಾಯಿ ಮಾಡುವ ಆಸೆಯಿದ್ದ ಹುಡುಗನಿಗೆ ಮಣ್ಣೇ ಸಾಕು. ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಸರಕಾರಿ ಸಂಸ್ಥೆಯೇ ಉಂಟು.

ಊಟದಲ್ಲಿ ಕಬ್ಬಿಣ, ಸುಣ್ಣದ ಅಂಶಗಳು ಕಡಿಮೆಯಾದರೆ ದೇಹವು ಸೀಸವನ್ನು ಹೆಚ್ಚಾಗಿ ಹೀರುವದು. ಆದುದರಿಂದ ಮಕ್ಕಳಿಗೆ ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ, ಮೊಸರು, ಎಳ್ಳಿನ ಚಟ್ನಿಗಳನ್ನು ತಪ್ಪಿಸಬಾರದು. ಇವು ಮದ್ದಲ್ಲ, ಬರಿಯ ಆಸರೆ. ಕಾರಣ ತಿಳಿಯದ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆಗಳು ಕಂಡಲ್ಲಿ ಮನೆಯಲ್ಲಿ ಇಂಥ ಕೆಲಸ ನಡೆಯುವದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕೇಳದೆ ಅವರಿಗೆ ಹೊಳೆಯಲಾರದು. ರಕ್ತದಲ್ಲಿಯ ಸೀಸವನ್ನು ಅಳೆಯುವ ಪರೀಕ್ಷೆಯುಂಟು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಬೆರಳಿನ ಧೂಳೇ ಬೆರೆತು ಲೆಕ್ಕ ತಪ್ಪುವ ಸಂಭವವಿರುವದರಿಂದ, ಅದರಲ್ಲಿ ಸೀಸ ಕಂಡರೆ ತೋಳಿನ ರಕ್ತನಾಳದಿಂದ ರಕ್ತ ತೆಗೆಯಿಸಿ ಮತ್ತೊಮ್ಮೆ ನೋಡಿಸತಕ್ಕದ್ದು.