ಇಂಟರ್‌ವ್ಯೂಗೆ ಹೊರಟ ಮಗಳಿಗೆ

ಸೋದರಿಯರೇ, ಬಿ.ಕಾಂ. ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ‘ಇಂಟರ್ನ್‌ಶಿಪ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಓದು ಮುಗಿಯುವ ಮೊದಲೇ ಬ್ಯಾಂಕಿನಲ್ಲೋ ಹಣಕಾಸಿನ ಕಂಪನಿಯಲ್ಲೋ ಕೆಲವು ವಾರ ಕೆಲಸ ಕಲಿಯುವುದು. ಚೆನ್ನಾಗಿ ಮಾಡಿದವರಿಗೆ ಅಲ್ಲೇ ನೌಕರಿ ಸಿಗುವುದೂ ಉಂಟು. ಹಾಗಾಗಿ ಪೈಪೋಟಿಯೂ ಜೋರು.

“ಅದೆಲ್ಲಾ ಓದಿದವರ ವಿಷಯ, ನಮಗೇನು ತಿಳಿಯುತ್ತೆ?” ಅಂತ ಸುಮ್ಮನಿರಬೇಡಿ. ನಮ್ಮಕ್ಕನ ಮಗಳು ಒಂದು ಪ್ರಶ್ನೆ ಹೇಳಿದಳು. “ಚಿಕ್ಕಮ್ಮ, ಸವಕಳಿ 10 ರೂಪಾಯಿ ಹೆಚ್ಚಾದರೆ ಲೆಕ್ಕಪತ್ರದಲ್ಲಿ ಏನೇನಾಗುತ್ತೆ ಅಂತ ತುಂಬಾ ಕಡೆ ಕೇಳ್ತಾರೆ.” ದೋಸೆಹಿಟ್ಟು ಮಾರುವ ಮನೆಯ ಲೆಕ್ಕದಲ್ಲೇ ನೋಡೋಣ. ಗ್ರೈಂಡರ್ ಹಳೆಯದಾದಂತೆ ಅದರ ಬೆಲೆ ಇಳಿಯುತ್ತೆ, ಅದೇ ಸವಕಳಿ. ಅದು 10 ರೂ. ಹೆಚ್ಚಾದರೆ ಲಾಭ 10 ರೂ. ಇಳಿಯಿತು. ತೆರಿಗೆ ನೂರಕ್ಕೆ 25 ಎಂದಿಟ್ಟುಕೊಂಡರೆ, ತೆರಿಗೆಯಲ್ಲಿ 2.50 ಉಳಿಯಿತು. ನಿವ್ವಳ ಲಾಭ ಇಳಿದದ್ದು 7.50 ಮಾತ್ರ. ಸವಕಳಿಗೆಂದು ಯಾರ ಕೈಗೂ ದುಡ್ಡು ಕೊಟ್ಟಿಲ್ಲವಲ್ಲ, ಹಾಗಾಗಿ ಡಬ್ಬಿಯಲ್ಲಿ 2.50 ಹೆಚ್ಚೇ ಇದೆ! ಬ್ಯಾಲೆನ್ಸ್ ಷೀಟಿನಲ್ಲಿ ಗ್ರೈಂಡರ್ 10 ಕಡಿಮೆ, ನಗದು 2.50 ಹೆಚ್ಚು, ಅಂದರೆ ಆಸ್ತಿ 7.50 ಕಡಿಮೆ. ಆ ಕಡೆ ಮಾಲೀಕರ ಪಾಲೂ ಅಷ್ಟೇ ಕಡಿಮೆ. ಎರಡೂ ತಾಳೆಯಾಯ್ತು.

ಇನ್ನು ನಾವು ಮಾಡಬಹುದಾದದ್ದು:

ದಿನಾ ಸಂಜೆ ಅರ್ಧ ಗಂಟೆ ನೀವೇ ಅಧಿಕಾರಿಯಂತೆ ಎದುರಿಗೆ ಕೂತು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕೆಂದಿಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಿದಳೆಂದರೆ ಅವಳಿಗೆ ಅರ್ಥವಾಗಿದೆ ಎಂದೇ ಲೆಕ್ಕ.

ಅರ್ಜಿಯಲ್ಲಿ ಬರೆದ ಒಂದೊಂದು ಸಾಲಿನ ಬಗ್ಗೆಯೂ ಎರಡು ನಿಮಿಷ ಮಾತಾಡಿಸಿ. ಬರೆದದ್ದನ್ನೇ ಕೆದಕಿ ಕೇಳುತ್ತಾರೆ.

ಪತ್ರಿಕೆಯ ವಾಣಿಜ್ಯ ಪುಟ ತಪ್ಪದೆ ಓದಿಸಿ. ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಏರಿದರೆ ನಮ್ಮ ಮನೆಸಾಲದ ಕಂತಿಗೆ ಏನಾಗುತ್ತೆ ಅಂತ ಕೇಳಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕುಗಳು ಯಾಕೆ ಹೀಗೆ ಒಂದಾಗುತ್ತವೆ? ಇಂಥ ಪ್ರಶ್ನೆಗೆ ಊರಿನ ಉದಾಹರಣೆಯೇ ಸಾಕು.

ಇಂಗ್ಲಿಷ್ ತಡವರಿಸಿದರೆ ಚಿಕ್ಕ ಚಿಕ್ಕ ವಾಕ್ಯ ನಿಧಾನವಾಗಿ ಹೇಳಲಿ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ, ತಿಳಿದುಕೊಳ್ತೀನಿ” ಅನ್ನುವುದರಲ್ಲಿ ನಾಚಿಕೆಯೇನಿಲ್ಲ.

ಇಂಟರ್ನ್‌ಶಿಪ್ ಕೊಡಿಸ್ತೀವಿ, ಮೊದಲು ಹಣ ಕಟ್ಟಿ ಅನ್ನುವವರನ್ನು ಬಾಗಿಲಿಂದಲೇ ಕಳಿಸಿ.

ಮನೆಯಿಂದಲೇ ಕಂಪ್ಯೂಟರಿನಲ್ಲಿ ಇಂಟರ್‌ವ್ಯೂ ಇದ್ದರೆ ಆ ಹೊತ್ತಿಗೆ ಮಿಕ್ಸಿ, ಕುಕ್ಕರು ಎರಡಕ್ಕೂ ರಜೆ!

ಕೊನೆಯ ಮಾತು. “ಹುಡುಗಿಯನ್ನು ಎರಡು ತಿಂಗಳು ಬೆಂಗಳೂರಿಗೆ ಒಬ್ಬಳನ್ನೇ ಕಳಿಸೋದಾ?” ಎಂದು ಮನೆಯ ಹಿರಿಯರು ಮೊದಲೇ ಅಡ್ಡ ಹಾಕುವುದುಂಟು. ಹಾಸ್ಟೆಲ್ ಎಲ್ಲಿ, ಸ್ಟೈಪೆಂಡ್ ಎಷ್ಟು, ಜೊತೆಗೆ ಯಾರು ಹೋಗ್ತಾರೆ ಅಂತ ಧಾರಾಳವಾಗಿ ವಿಚಾರಿಸಿ. ಆದರೆ ಅವಳು ಇಂಟರ್‌ವ್ಯೂಗೆ ಕೂರುವ ಮೊದಲೇ ‘ಬೇಡ’ ಅನ್ನಬೇಡಿ. ಆಯ್ಕೆ ಮಾಡುವುದೋ ಬಿಡುವುದೋ ಕಂಪನಿಯವರ ಕೆಲಸ. ಅವರಿಗಿಂತ ಮುಂಚೆ ನಾವೇ ಅವಳನ್ನು ಫೇಲು ಮಾಡುವುದು ಬೇಡ, ಅಲ್ಲವೇ?